ಕಾಗದದಲ್ಲಿ ಬಂದ ರಾಣಿ

1897ರ ಜೂನ್ 22, ಮಂಗಳವಾರ. ಲಂಡನ್ನಿನ ಅರಮನೆಯಿಂದ ಮೆರವಣಿಗೆ ಹೊರಡುವ ಮೊದಲು 78 ವರ್ಷದ ವಿಕ್ಟೋರಿಯಾ ರಾಣಿ ಒಂದು ವಿದ್ಯುತ್ ಗುಂಡಿ ಒತ್ತಿದಳು. ಪ್ರೀತಿಯ ಪ್ರಜೆಗಳಿಗೆ ಮನಸಾರೆ ವಂದನೆ, ದೇವರು ಅವರನ್ನು ಹರಸಲಿ ಎಂಬ ಪುಟ್ಟ ಸಂದೇಶ ತಂತಿಯಲ್ಲಿ ಸಾಮ್ರಾಜ್ಯದ ಮೂಲೆಮೂಲೆಗೂ ಹೋಯಿತು. ಆಕೆ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ಹಬ್ಬ ಅದು. ಅದೇ ದಿನ ಬೆಂಗಳೂರಿನಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಆ ಹಬ್ಬದ ನೆನಪಿಗೆ ಒಂದು ಆಸ್ಪತ್ರೆಗೆ ಅಡಿಗಲ್ಲಿಟ್ಟರು; ವಿಕ್ಟೋರಿಯಾ ಆಸ್ಪತ್ರೆ ಇಂದಿಗೂ ಅಲ್ಲೇ ಇದೆ. ಅದೇ ರಾತ್ರಿ ಪುಣೆಯಲ್ಲಿ, ಗಣೇಶಖಿಂಡದ ಗವರ್ನರ್ ಬಂಗಲೆಯಲ್ಲಿ ಇದೇ ಹಬ್ಬದ ಔತಣ ಮುಗಿಸಿ ಮರಳುತ್ತಿದ್ದ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು.

ಒಂದು ದಿನ, ಮೂರು ಊರು. ಹರಕೆ, ಕಾಣಿಕೆ, ಗುಂಡು. ಈ ಮೂರನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡರೆ ಮಾತ್ರ ಆ ರಾಣಿಗೂ ಆಕೆಯ ಪ್ರಜೆಗಳಿಗೂ ಇದ್ದ ನಂಟು ಎಂಥದ್ದೆಂದು ತಿಳಿಯುತ್ತದೆ.

ವಿಕ್ಟೋರಿಯಾ ಆಳಿದ್ದು 1837ರ ಜೂನ್ 20ರಿಂದ 1901ರ ಜನವರಿ 22ರವರೆಗೆ, ಅಂದರೆ 63 ವರ್ಷ 7 ತಿಂಗಳು. ಇಷ್ಟು ದೀರ್ಘ ಆಳ್ವಿಕೆಯಲ್ಲಿ ಆಕೆ ಒಮ್ಮೆಯೂ ಭಾರತದ ನೆಲ ತುಳಿಯಲಿಲ್ಲ. ಹಾಗಾದರೆ ಇಲ್ಲಿನ ಕೋಟ್ಯಂತರ ಜನಕ್ಕೆ ಆಕೆ ಸಿಕ್ಕಿದ್ದು ಎಲ್ಲಿ? ಕಾಗದದಲ್ಲಿ ಮತ್ತು ಬೆಳ್ಳಿಯಲ್ಲಿ. ಘೋಷಣಾಪತ್ರ, ಸನ್ನದು, ಖರೀತಾ ಎಂಬ ಅರಸರ ಪತ್ರ, ಬಿನ್ನವತ್ತಳೆ, ಅರ್ಜಿ, ರೂಪಾಯಿ. ಇವೇ ಆ ಸಂಬಂಧದ ಸಾಮಗ್ರಿ. ಸಾಮಗ್ರಿಯನ್ನು ಬಿಚ್ಚಿ ನೋಡದೆ ‘ರಾಣಿ ಒಳ್ಳೆಯವಳು, ಕೆಳಗಿನ ಅಧಿಕಾರಿಗಳು ಕೆಟ್ಟವರು’ ಎಂದೋ, ‘ಆಕೆ ಬರೀ ಬೊಂಬೆ’ ಎಂದೋ ತೀರ್ಪು ಕೊಡುವುದು ಸುಲಭ. ಎರಡೂ ಸರಿಯಲ್ಲ.

ಮೊದಲು 1858ರ ಘೋಷಣಾಪತ್ರ. 1857ರ ದಂಗೆ ಇನ್ನೂ ಪೂರ್ತಿ ಅಡಗಿರಲಿಲ್ಲ. ಆಗಸ್ಟ್ ಮೊದಲಲ್ಲೇ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಕಿತ್ತು ರಾಣಿಯ ಹೆಸರಿಗೆ ಬರೆದಿತ್ತು. ಲಂಡನ್ನಿನಲ್ಲಿ ಭಾರತ ಮಂತ್ರಿ, ಅವನ ಜೊತೆಗೆ 15 ಜನರ ಕೌನ್ಸಿಲ್ ಎಂಬ ಹೊಸ ಏರ್ಪಾಡು ಬಂತು. ಹೊಸ ಒಡೆತನವನ್ನು ಜನಕ್ಕೆ ಸಾರಬೇಕು. ಕರಡು ಸಿದ್ಧವಾಗಿ, ಜರ್ಮನಿಯಲ್ಲಿ ಮಗಳ ಮನೆಗೆ ಹೋಗಿದ್ದ ರಾಣಿಯ ಕೈಸೇರಿತು. ಆಕೆಗೆ ಅದು ಹಿಡಿಸಲಿಲ್ಲ. ಪಾಟ್ಸ್‌ಡ್ಯಾಮ್ ಹತ್ತಿರದ ಬಾಬೆಲ್ಸ್‌ಬರ್ಗ್‌ನಿಂದ ಆಗಸ್ಟ್ 15ರಂದು ಪ್ರಧಾನಿ ಡರ್ಬಿಗೆ ಪತ್ರ ಹೋಯಿತು: ಇದನ್ನು ನೀವೇ ಕೂತು ಹೊಸದಾಗಿ ಬರೆಯಿರಿ, ರಕ್ತ ಸುರಿದ ಯುದ್ಧದ ನಂತರ ಒಬ್ಬ ಹೆಣ್ಣು ಅರಸಿ ಪೂರ್ವದೇಶದ ಹತ್ತು ಕೋಟಿಗೂ ಮೀರಿದ ಜನರೊಂದಿಗೆ ಮಾತಾಡುತ್ತಿದ್ದಾಳೆ ಎಂಬುದು ನೆನಪಿರಲಿ, ಔದಾರ್ಯ, ಹಿತಚಿಂತನೆ, ಧರ್ಮಸಹಿಷ್ಣುತೆ ಅದರಲ್ಲಿ ಉಸಿರಾಡಬೇಕು. ಕರಡಿನಲ್ಲಿ ಇಲ್ಲಿನ ಧರ್ಮ ಮತ್ತು ಆಚಾರಗಳನ್ನು ಸಡಿಲಗೊಳಿಸುವ ಶಕ್ತಿ ಆಕೆಗಿದೆ ಎಂಬ ಧಾಟಿಯ ಮಾತಿತ್ತು. ಅದಕ್ಕೆ ಆಕೆಯ ಖಡಾಖಂಡಿತ ಆಕ್ಷೇಪ. ನನ್ನ ಧರ್ಮದಲ್ಲಿ ನನಗೆ ಸಮಾಧಾನ ಸಿಕ್ಕಿದೆ, ಆ ಕಾರಣಕ್ಕೇ ಇನ್ನೊಬ್ಬರ ಧರ್ಮಕ್ಕೆ ಕೈಹಾಕಲಾರೆ ಎಂಬ ಅರ್ಥ ಬರಬೇಕೆಂದಳು. ಭಾರತೀಯರು ಬ್ರಿಟಿಷ್ ಪ್ರಜೆಗಳಿಗೆ ಸಮಾನರಾಗುತ್ತಾರೆ ಎಂಬುದು ಎದ್ದು ಕಾಣಬೇಕೆಂದೂ ಹೇಳಿಸಿದಳು.

ಇದು ಬೊಂಬೆ ಮಾಡುವ ಕೆಲಸವಲ್ಲ. ಆ ಪತ್ರದ ದನಿ ಆಕೆಯದೇ. ನವೆಂಬರ್ 1ರಂದು ಅಲಹಾಬಾದಿನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು ಓದಿಸಿದ. ಬೇರೆ ಬೇರೆ ಊರುಗಳಲ್ಲಿ ದೇಶಭಾಷೆಗಳಲ್ಲಿ ಓದಿಸಲಾಯಿತು. ಅದರೊಳಗೆ ನಾಲ್ಕು ದೊಡ್ಡ ಮಾತುಗಳಿದ್ದವು. ಈಗಿರುವ ರಾಜ್ಯವನ್ನು ಇನ್ನು ಹಿಗ್ಗಿಸುವ ಆಸೆ ನಮಗಿಲ್ಲ. ದೇಶೀಯ ಅರಸರ ಹಕ್ಕು, ಘನತೆ, ಮರ್ಯಾದೆಯನ್ನು ನಮ್ಮದೆಂಬಂತೆ ಕಾಯುತ್ತೇವೆ. ನಮ್ಮ ನಂಬಿಕೆಯನ್ನು ಯಾರ ಮೇಲೂ ಹೇರುವುದಿಲ್ಲ. ನಾಲ್ಕನೆಯದು, ಜಾತಿ ಮತ ನೋಡದೆ ಯೋಗ್ಯತೆಯಿದ್ದವರನ್ನೆಲ್ಲ ಸರ್ಕಾರಿ ಹುದ್ದೆಗಳಿಗೆ ಮುಕ್ತವಾಗಿ ತೆಗೆದುಕೊಳ್ಳುತ್ತೇವೆ, ‘ಸಾಧ್ಯವಾದ ಮಟ್ಟಿಗೆ’.

ಈ ‘ಸಾಧ್ಯವಾದ ಮಟ್ಟಿಗೆ’ ಎಂಬ ಎರಡು ಮೂರು ಪದಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನ ಐವತ್ತು ವರ್ಷದ ಜಗಳವೆಲ್ಲ ಆ ಬಿರುಕಿನಲ್ಲೇ ನಡೆಯಿತು.

ಆ ಕಾಗದವನ್ನು ಮೊದಲು ಸೂಕ್ಷ್ಮವಾಗಿ ಓದಿದವಳೂ ಒಬ್ಬ ಹೆಣ್ಣು ಅರಸಿಯೇ. ಅವಧದ ಬೇಗಂ ಹಜರತ್ ಮಹಲ್ ಇನ್ನೂ ಕಾಳಗದಲ್ಲಿದ್ದಳು. ಆಕೆ ಪ್ರತಿಘೋಷಣೆ ಹೊರಡಿಸಿ ಒಂದೊಂದೇ ಅಂಶಕ್ಕೆ ಉತ್ತರ ಕೊಟ್ಟಳು. ಕಂಪನಿಯ ಒಪ್ಪಂದಗಳನ್ನೆಲ್ಲ ರಾಣಿ ಪಾಲಿಸುತ್ತಾಳಂತೆ. ಭರತಪುರದ ರಾಜನನ್ನು ಮಗನೆಂದು ಕರೆದು ಅವನ ನಾಡನ್ನೇ ನುಂಗಿದ್ದು, ಲಾಹೋರಿನ ಅರಸನನ್ನು ಲಂಡನ್ನಿಗೆ ಒಯ್ದದ್ದು ಅದೇ ಕಂಪನಿಯಲ್ಲವೇ? ಕ್ರೈಸ್ತ ಧರ್ಮ ಸತ್ಯವೆಂದು ಬರೆದಿದ್ದೀರಿ. ಧರ್ಮದ ಸತ್ಯಾಸತ್ಯಕ್ಕೂ ನ್ಯಾಯದಾನಕ್ಕೂ ಏನು ಸಂಬಂಧ? ರಸ್ತೆ ಹಾಕುವುದು, ಕಾಲುವೆ ತೋಡುವುದು, ಇದಕ್ಕಿಂತ ಮೇಲಿನ ಕೆಲಸವನ್ನು ಹಿಂದೂಸ್ತಾನದವರಿಗೆ ಇದರಲ್ಲಿ ಎಲ್ಲಿ ಕೊಟ್ಟಿದೆ? ಸೋಲು ಕಣ್ಣೆದುರಿಗಿದ್ದಾಗ ಬರೆದ ಈ ಪತ್ರದಷ್ಟು ಹರಿತವಾದ ಓದು ಆಮೇಲೆ ಬಹಳ ಕಾಲ ಬರಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ರಾಣಿಯ ಘೋಷಣೆಯ ಪಕ್ಕದಲ್ಲೇ ಇದನ್ನೂ ಅಚ್ಚು ಹಾಕಬೇಕು.

ಆದರೂ ಆ ಕಾಗದ ಕೆಲಸಕ್ಕೆ ಬಂದದ್ದುಂಟು. ಬಂದದ್ದು ನಮ್ಮ ಮೈಸೂರಿನಲ್ಲೇ. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದ. ಅರಸರು ಅಂದಿನಿಂದ ಬರೆಯುತ್ತಲೇ ಇದ್ದರು. ಆ ಬರಹದ ದಾರಿ ಹೇಗಿತ್ತೆಂದರೆ: ಅರಸರ ಖರೀತಾ ಮೈಸೂರಿನಿಂದ ಗವರ್ನರ್ ಜನರಲ್ ಕೈಗೆ ಹೋಗಬೇಕು, ಅವನು ತನ್ನ ಟಿಪ್ಪಣಿ ಅಂಟಿಸಿ ಲಂಡನ್ನಿಗೆ ಕಳಿಸಬೇಕು, ಅಲ್ಲಿ ಮಂತ್ರಿ ಮತ್ತು ಅವನ ಕೌನ್ಸಿಲ್ ನೋಡಬೇಕು, ರಾಣಿಯ ಹೆಸರು ಬರುವುದು ಎಲ್ಲಕ್ಕಿಂತ ಕೊನೆಗೆ. ಯಾರ ಮೇಲೆ ದೂರಿದೆಯೋ ಅವರ ಟಿಪ್ಪಣಿಯನ್ನು ಹೊತ್ತೇ ದೂರು ಮೇಲೆ ಹೋಗಬೇಕು. ಅರ್ಜಿಗಳು ಸೋಲುತ್ತಿದ್ದ ಕಾರಣ ಇದರಲ್ಲೇ ಇದೆ.

1861ರಲ್ಲಿ ಅರಸರು ಕ್ಯಾನಿಂಗ್‌ಗೆ ಬರೆದಾಗ ರಾಣಿಯ ಘೋಷಣೆಯನ್ನೇ ಆಧಾರವಾಗಿ ಹಿಡಿದರು. ದೇಶೀಯ ಅರಸರ ಹಕ್ಕನ್ನು ತನ್ನದೆಂಬಂತೆ ಕಾಯುತ್ತೇನೆಂದವಳು ರಾಣಿ; ಹಾಗಾದರೆ ನನ್ನ ಹಕ್ಕೆಲ್ಲಿ? 1862ರಲ್ಲಿ ನಿರಾಕರಣೆ ಬಂತು. ಅದೇ ವರ್ಷ ಕ್ಯಾನಿಂಗ್ ಎಷ್ಟೋ ಸಂಸ್ಥಾನಗಳಿಗೆ ದತ್ತಕದ ಸನ್ನದು, ಅಂದರೆ ದತ್ತು ತೆಗೆದುಕೊಳ್ಳುವ ಹಕ್ಕಿನ ಪತ್ರ, ಕೊಟ್ಟ, ಮೈಸೂರಿಗೆ ಕೊಡಲಿಲ್ಲ. ಅರಸರಿಗೆ ವಯಸ್ಸಾಗಿತ್ತು. ಅವರು ತೀರಿಕೊಂಡರೆ ರಾಜ್ಯ ಸಲೀಸಾಗಿ ಮಡಿಲಿಗೆ ಬೀಳುತ್ತದೆಂಬ ಲೆಕ್ಕಾಚಾರ ಕಲ್ಕತ್ತೆಯದು. 1865ರ ಜೂನ್‌ನಲ್ಲಿ, 70 ದಾಟಿದ್ದ ಮುಮ್ಮಡಿಯವರು ಅಪ್ಪಣೆಗೆ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡುಬಿಟ್ಟರು. ವೈಸ್‌ರಾಯ್ ಲಾರೆನ್ಸ್ ಒಪ್ಪಲಿಲ್ಲ. ಆಗ ಅರಸರ ಕಡೆಯವರು ಲಂಡನ್ನಿನಲ್ಲೇ ಕೆಲಸ ಶುರುಮಾಡಿದರು. ಇವಾನ್ಸ್ ಬೆಲ್‌ನಂಥ ನಿವೃತ್ತ ಅಧಿಕಾರಿಗಳು ಪುಸ್ತಿಕೆಗಳನ್ನು ಬರೆದರು, ಭಾರತ ಕಂಡಿದ್ದ ಹಳೆಯ ಸೇನಾನಿಗಳು ಅರ್ಜಿಗೆ ಸಹಿ ಹಾಕಿದರು, ಕಾಮನ್ಸ್ ಸಭೆಯಲ್ಲಿ ಚರ್ಚೆಯಾಯಿತು. 1867ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ ನಾರ್ತ್‌ಕೋಟ್‌ನ ನಿರೂಪ ಹೊರಟಿತು: ಆ ವಂಶವನ್ನು ದತ್ತುಪುತ್ರನ ಮೂಲಕ ಮೈಸೂರಿನ ಸಿಂಹಾಸನದಲ್ಲಿ ಉಳಿಸುವುದು ಮಹಾರಾಣಿಯವರ ಇಚ್ಛೆ. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಒಂದು ವರ್ಷ ತಡವಾಗಿದ್ದರೆ ಕಥೆಯೇ ಬೇರೆ.

1881ರ ಮಾರ್ಚ್ 25ರಂದು 18 ವರ್ಷದ ಚಾಮರಾಜೇಂದ್ರರಿಗೆ ಆಡಳಿತ ಮರಳಿತು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೂ ಅದೇ ವಯಸ್ಸಿಗೆ. ಮರಳಿಸಿದ ಕಾಗದವನ್ನು ಓದಿದರೆ ಕೊಟ್ಟದ್ದೆಷ್ಟು, ಇಟ್ಟುಕೊಂಡದ್ದೆಷ್ಟು ತಿಳಿಯುತ್ತದೆ. ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡಲೂ ಅಪ್ಪಣೆ ಬೇಕು. ಸೈನ್ಯದ ಸಂಖ್ಯೆ ಅವರು ಹೇಳಿದಷ್ಟೇ. ಸ್ವಂತ ನಾಣ್ಯವಿಲ್ಲ. ಜಾರಿಯಲ್ಲಿರುವ ಕಾನೂನನ್ನು ಕೇಳದೆ ಬದಲಿಸುವಂತಿಲ್ಲ. ಬೆಂಗಳೂರಿನ ದಂಡು ಅವರ ಕೈಯಲ್ಲೇ. ಬ್ರಿಟಿಷರಿಗೆ ಕೊಡುವ ವರ್ಷದ ಪೊಗದಿ (ಕಪ್ಪ) ಇಪ್ಪತ್ನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಬೇಕು. ಏರಿಕೆಯನ್ನು ಆಗಲೇ ವಸೂಲು ಮಾಡಲಾಗಲಿಲ್ಲ, ಯಾಕೆಂದರೆ ದಿವಾನ್ ರಂಗಾಚಾರ್ಲು ಅವರಿಗೆ ಖಜಾನೆಯ ಬದಲು ಸಿಕ್ಕಿದ್ದು ಬರಗಾಲದ 80 ಲಕ್ಷ ರೂಪಾಯಿ ಸಾಲ. ಅದೇ ವರ್ಷ ಅಕ್ಟೋಬರಿನಲ್ಲಿ ಅವರು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದರು. ರಾಣಿಯ ನೇರ ಆಳ್ವಿಕೆಯಲ್ಲಿದ್ದ ಧಾರವಾಡ, ಬಳ್ಳಾರಿಯವರಿಗೆ ಆಗ ಅಂಥದ್ದೊಂದು ಸಭೆ ಇರಲಿಲ್ಲ.

ಮೈಸೂರಿನ ಕಾಗದ ಗೆದ್ದದ್ದು ರಾಣಿಯ ಮಾತಿನ ಬಲದಿಂದ ಮಾತ್ರವಲ್ಲ. ಅರಮನೆಯ ಹಣ, ಸುಮಾರು ಮೂವತ್ತಾರು ವರ್ಷದ ಹಟ, ಲಂಡನ್ನಿನಲ್ಲಿ ದನಿ ಎತ್ತುವ ಜನ, ಎಲ್ಲ ಸೇರಿದ ಮೇಲೆ ಆ ಮಾತಿಗೆ ಕಾಲು ಬಂತು. ಕೊಡಗಿನ ವಿಷಯದಲ್ಲಿ ಇವು ಯಾವುವೂ ಇರಲಿಲ್ಲ. 1834ರಲ್ಲಿ ಪದಚ್ಯುತನಾದ ಚಿಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ಬಾಂಡುಗಳಲ್ಲಿದ್ದ ತನ್ನ ಮನೆತನದ ಹಣ ವಾಪಸು ಬೇಕೆಂದು ಅವನ ದಾವೆ. ಆ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ 11 ವರ್ಷದ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ಆಸ್ಥಾನದ ಚಿತ್ರಕಾರನಿಂದ ಚಿತ್ರ ಬರೆಸಿದಳು. ಅಕ್ಕರೆ ನಿಜವೇ. ಆದರೆ ಹುಡುಗಿ ತಂದೆಯಿಂದ ದೂರ, ಇಂಗ್ಲಿಷರ ಮನೆಗಳಲ್ಲಿ ಬೆಳೆದಳು. ತಂದೆ 1859ರಲ್ಲಿ ಲಂಡನ್ನಿನಲ್ಲೇ ಸತ್ತ. ಮರುವರ್ಷ ದಾವೆ ಬಿದ್ದುಹೋಯಿತು: ಅದು ರಾಜ್ಯದ ಕ್ರಿಯೆ, ನ್ಯಾಯಾಲಯ ಕೈಹಾಕುವ ವಿಷಯವಲ್ಲ ಎಂದು. ಗೌರಮ್ಮ 1864ರಲ್ಲಿ 22ನೇ ವಯಸ್ಸಿಗೆ ತೀರಿಕೊಂಡಳು. ಮಗಳಿಗೆ ಮುದ್ದು ಸಿಕ್ಕಿತು, ತಂದೆಗೆ ವಿಚಾರಣೆಯೂ ಸಿಗಲಿಲ್ಲ. ವಿಕ್ಟೋರಿಯಾಳ ಪ್ರೀತಿ ಎಲ್ಲಿಯವರೆಗೆ ಹೋಗುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಇನ್ನು ಬೆಳ್ಳಿ. ಅರ್ಜಿ ಬರೆಯಲು ಬಾರದವರಿಗೆ, ಘೋಷಣೆ ಕೇಳದವರಿಗೆ ರಾಣಿ ಅಂದರೆ ರೂಪಾಯಿ. ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1840ರ ಕಂಪನಿ ರೂಪಾಯಿಯಲ್ಲಿ ಆಕೆ ಬರಿದಲೆಯ ಎಳೆ ಹೆಣ್ಣು, ಹಿಂಬದಿಯಲ್ಲಿ ಬೆಲೆಯನ್ನು ಫಾರಸಿಯಲ್ಲೂ ಬರೆದಿತ್ತು. 1862ರ ನಾಣ್ಯದಲ್ಲಿ ತಲೆಗೆ ಕಿರೀಟ ಬಂತು, ಮೈಮೇಲೆ ಕಸೂತಿಯ ಉಡುಗೆ ಬಂತು, ಫಾರಸಿ ಹೋಯಿತು. ಇಂಗ್ಲಿಷ್ ಓದಲಾರದವರಿಗೆ ಉಳಿದದ್ದು ಮುಖವೊಂದೇ. ಇನ್ನೊಂದು ವಿಚಿತ್ರ: 1862 ಎಂಬ ಇಸವಿಯೇ ಹನ್ನೆರಡು ವರ್ಷದಷ್ಟು ಕಾಲ ಟಂಕಸಾಲೆಯಿಂದ ಹೊರಬರುತ್ತಲೇ ಇತ್ತು. ಹಳೆಯ ಇಸವಿಯ ನಾಣ್ಯಕ್ಕೆ ಸರಾಫರು ಬಟ್ಟಾ, ಅಂದರೆ ಬೆಲೆಯಲ್ಲಿ ಕಡಿತ, ಹಿಡಿಯುವ ರೂಢಿ ಮೊಘಲರ ಕಾಲದಿಂದ ಬಂದದ್ದು. ಇಸವಿ ಬದಲಾಗದಿದ್ದರೆ ಹಳತು ಹೊಸತೆಂಬ ಭೇದವೇ ಇಲ್ಲ. ಯಾವ ವರ್ಷದ ಅಚ್ಚೆಂದು ತಿಳಿಯಲು ಹಿಂಬದಿಯಲ್ಲಿ ಸಣ್ಣ ಚುಕ್ಕೆಗಳನ್ನು ಇಡುತ್ತಿದ್ದರು. ಈಗಲೂ ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೋ, ಲಂಬಾಣಿ ಹೆಂಗಸರ ಕೊರಳ ಸರದಲ್ಲೋ ಅಂಥದ್ದು ಸಿಕ್ಕರೆ ಹಿಂಬದಿಯ ಬಳ್ಳಿಯ ಮಧ್ಯೆ ಚುಕ್ಕೆ ಹುಡುಕಿ. 1877ರಿಂದ ‘ಕ್ವೀನ್’ ಎಂಬಲ್ಲಿ ‘ಎಂಪ್ರೆಸ್’ ಎಂದಾಯಿತು.

ಆ ಪದ ಬದಲಾದ ವರ್ಷ ನಮ್ಮ ಹಿರಿಯರ ನೆನಪಿನಲ್ಲಿ ಉಳಿದದ್ದು ಬೇರೆ ಹೆಸರಿನಿಂದ: ಧಾತು ಈಶ್ವರದ ಬರ. 1876ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಬಿರುದು ಬೇಕೆಂದು ಆಸೆಪಟ್ಟವಳು ರಾಣಿಯೇ. ಪ್ರಧಾನಿ ಡಿಸ್ರೇಲಿ ಪಾರ್ಲಿಮೆಂಟಿನಲ್ಲಿ ಅದನ್ನು ಪಾಸು ಮಾಡಿಸಿದ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ಆಕೆಯನ್ನು ‘ಕೈಸರ್-ಇ-ಹಿಂದ್’, ಅಂದರೆ ಭಾರತದ ಸಾಮ್ರಾಜ್ಞಿ, ಎಂದು ಸಾರಿದ. ಅದೇ ತಿಂಗಳು ದಕ್ಷಿಣದ ಪರಿಹಾರ ಕಾಮಗಾರಿಗಳ ಖರ್ಚು ತಗ್ಗಿಸಲು ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಟೆಂಪಲ್ ಗೊತ್ತುಮಾಡಿದ ಕೂಲಿ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಆಣೆ. ಹೆಂಗಸರಿಗೆ ಮಕ್ಕಳಿಗೆ ಇನ್ನೂ ಕಡಿಮೆ. ಕಲ್ಲೊಡೆದು ಮಣ್ಣು ಹೊರುವ ಮೈಗೆ ಅದು ಸಾಲದು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ಎಚ್ಚರಿಸಿದ್ದ. ಮೈಸೂರು ಸೀಮೆಯ ಜನಗಣತಿ 1871ರಲ್ಲಿ ಸುಮಾರು ಐವತ್ತೂವರೆ ಲಕ್ಷ. 1881ರಲ್ಲಿ ಸುಮಾರು ನಲವತ್ತೆರಡು ಲಕ್ಷ. ಆಗ ಮೈಸೂರು ಇದ್ದದ್ದು ರಾಣಿಯ ಕಮಿಷನರ್ ಕೈಯಲ್ಲಿ.

ತವರಿನಲ್ಲೂ ಆಕೆಯ ನಂಟು ನೇರವಾಗಿರಲಿಲ್ಲ. 1861ರಲ್ಲಿ ಗಂಡ ಆಲ್ಬರ್ಟ್ ಸತ್ತ ಮೇಲೆ ವರ್ಷಗಟ್ಟಲೆ ಹೊರಗೆ ಬರಲಿಲ್ಲ, 1866ರವರೆಗೆ ಪಾರ್ಲಿಮೆಂಟನ್ನೂ ಉದ್ಘಾಟಿಸಲಿಲ್ಲ. ಅರಮನೆಯ ಬೇಲಿಗೆ ಯಾರೋ ‘ವ್ಯಾಪಾರ ಕುಸಿದ ಕಾರಣ ಈ ಕಟ್ಟಡ ಬಾಡಿಗೆಗೆ ಅಥವಾ ಮಾರಾಟಕ್ಕಿದೆ’ ಎಂದು ಚೀಟಿ ಅಂಟಿಸಿದರು. ಗಣರಾಜ್ಯ ಬೇಕೆನ್ನುವ ಸಂಘಗಳು ಹುಟ್ಟಿದವು. ವರ್ಷಕ್ಕೆ 3,85,000 ಪೌಂಡ್ ಪಡೆಯುವ ಅರಮನೆಯ ಖರ್ಚಿನ ಲೆಕ್ಕ ತೆಗೆದು 1871ರಲ್ಲಿ ಸಂಸದ ಚಾರ್ಲ್ಸ್ ಡಿಲ್ಕ್ ಬಹಿರಂಗ ಭಾಷಣ ಮಾಡಿದ. ಅವನಿಗೆ ಜೈಲಾಗಲಿಲ್ಲ, ಮುಂದೆ ಮಂತ್ರಿಯೂ ಆದ. ಇದನ್ನು ನೆನಪಿಟ್ಟುಕೊಳ್ಳಿ. ಐರ್ಲೆಂಡಿಗೆ ಇಡೀ ಆಳ್ವಿಕೆಯಲ್ಲಿ ಹೋದದ್ದು ನಾಲ್ಕೇ ಸಲ.

ಆಕೆ ಕೆಲಸಗಳ್ಳಿಯಾಗಿರಲಿಲ್ಲ. ಶೋಕದ ವರ್ಷಗಳಲ್ಲೂ ಕಡತದ ಪೆಟ್ಟಿಗೆಗಳು ದಿನವೂ ಬರುತ್ತಿದ್ದವು, ಆಕೆ ಓದುತ್ತಿದ್ದಳು. ವೈಸ್‌ರಾಯ್‌ಗಳು ಮಂತ್ರಿಯ ಕಣ್ಣುತಪ್ಪಿಸಿ ಅಲ್ಲ, ರೂಢಿಯಂತೆಯೇ ಆಕೆಗೆ ನೇರವಾಗಿ ಬರೆಯುತ್ತಿದ್ದರು. ಆದೇಶ ಕೊಡುವ ಅಧಿಕಾರ ಆಕೆಗಿರಲಿಲ್ಲ. ಕೇಳಬಹುದು, ಹುರಿದುಂಬಿಸಬಹುದು, ಎಚ್ಚರಿಸಬಹುದು. 1887ರಲ್ಲಿ ಆಗ್ರಾದಿಂದ ಬಂದ ಅಬ್ದುಲ್ ಕರೀಂನಿಂದ, ತನ್ನ 68ನೇ ವಯಸ್ಸಿನಲ್ಲಿ ಹಿಂದೂಸ್ತಾನಿ ಕಲಿಯಲು ಕೂತಳು. ಅಕ್ಷರ ತಿದ್ದಿ ತಿದ್ದಿ ಆ ಭಾಷೆಯಲ್ಲೇ ದಿನಚರಿ ಬರೆಯುವಷ್ಟಾದಳು. ಆಸ್ಥಾನದವರು ಕರೀಂನನ್ನು ಸಹಿಸಲಿಲ್ಲ, 1897ರಲ್ಲಿ ಬಹಿರಂಗವಾಗಿಯೇ ತಿರುಗಿಬಿದ್ದರು. ಆಕೆ ಜಗ್ಗಲಿಲ್ಲ. ಆಕೆ ಸತ್ತ ಮೇಲೆ ಮಗ ಎಡ್ವರ್ಡ್ ಮಾಡಿಸಿದ ಮೊದಲ ಕೆಲಸಗಳಲ್ಲಿ ಒಂದು, ಕರೀಂನ ಮನೆಯಲ್ಲಿದ್ದ ಆಕೆಯ ಪತ್ರಗಳನ್ನು ಸುಡಿಸಿದ್ದು.

1898ರಲ್ಲಿ ಹೊಸ ವೈಸ್‌ರಾಯ್ ಹುಡುಕುವಾಗ ಆಕೆ ಪ್ರಧಾನಿ ಸಾಲ್ಸ್‌ಬರಿಗೆ ಬರೆದ ಪತ್ರವೊಂದಿದೆ. ವೈಸ್‌ರಾಯ್ ಆಗುವವನು ಸಂಕುಚಿತ ಮನಸ್ಸಿನ ತನ್ನ ಕೌನ್ಸಿಲ್‌ನಿಂದ ಬಿಡಿಸಿಕೊಂಡು ತಾನೇ ಜನರ ಭಾವನೆ ಕೇಳಬೇಕು, ನೀವು ಸೋತ ಜನ ಎಂದು ಅವರಿಗೆ ಹೊತ್ತುಹೊತ್ತಿಗೆ ನೆನಪಿಸಿ ತುಳಿಯಬಾರದು ಎನ್ನುತ್ತಾಳೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ನಾವೇ ಒಡೆಯರೆಂಬುದು ಅವರಿಗೆ ಗೊತ್ತಾಗಬೇಕು ನಿಜ, ಆದರೆ ಅದನ್ನು ದಯೆಯಿಂದ ಮಾಡಬೇಕು. ಮೊದಲರ್ಧ ಮಾತ್ರ ಉದ್ಧರಿಸುವವರು ಆಕೆಯನ್ನು ತಾಯಿ ಮಾಡುತ್ತಾರೆ, ಕೊನೆಯರ್ಧ ಮಾತ್ರ ಉದ್ಧರಿಸುವವರು ಆಕೆಯನ್ನು ರಾಕ್ಷಸಿ ಮಾಡುತ್ತಾರೆ. ಪತ್ರ ಒಂದೇ. ಒಡೆತನವನ್ನು ಪ್ರಶ್ನಿಸದ ದಯೆ ಅದು, ಆಕೆಯ ಇಡೀ ಆಳ್ವಿಕೆಯ ಗುಣವೂ ಅದೇ.

ಈಗ ಆ ‘ಸಾಧ್ಯವಾದ ಮಟ್ಟಿಗೆ’. ಸಿವಿಲ್ ಸರ್ವಿಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ. ಸಮುದ್ರ ದಾಟಬೇಕು, ಇಂಗ್ಲೆಂಡಿನಲ್ಲಿ ಓದಬೇಕು, ಇಂಗ್ಲಿಷ್ ಹುಡುಗರ ಜೊತೆ ಅವರ ಪಠ್ಯದಲ್ಲೇ ಸ್ಪರ್ಧಿಸಬೇಕು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಮೊದಲಿಗರಾಗಿ ಗೆದ್ದರು. ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು ಅವರೇ. ಅವರ ಹಿಂದೆ ಒಬ್ಬೊಬ್ಬರೇ ಬರತೊಡಗಿದಾಗ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಿದರು. 19 ತುಂಬುವುದರೊಳಗೆ ಇಲ್ಲಿನ ಹುಡುಗ ಅಲ್ಲಿ ಹೋಗಿ ಸಿದ್ಧನಾಗುವುದು ಹೇಗೆ? ಇದರ ಬಗ್ಗೆ 1878ರಲ್ಲಿ ಲಿಟ್ಟನ್ ತನ್ನ ಗುಟ್ಟಿನ ಟಿಪ್ಪಣಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ: ಅವರನ್ನು ನಿಷೇಧಿಸುವುದು ಅಥವಾ ಅವರಿಗೆ ಮೋಸ ಮಾಡುವುದು, ಈ ಎರಡರಲ್ಲಿ ನಾವು ನೇರವಲ್ಲದ ದಾರಿಯನ್ನೇ ಆರಿಸಿಕೊಂಡೆವು. ದಾದಾಭಾಯಿ ನವರೋಜಿ, ಸುರೇಂದ್ರನಾಥ ಬ್ಯಾನರ್ಜಿ ಅವರಂಥವರು ಘೋಷಣೆಯನ್ನು ಎತ್ತಿಹಿಡಿದು ಕೇಳಿದ್ದು ರಾಜಭಕ್ತಿಯ ಭಜನೆಗಾಗಿ ಅಲ್ಲ. ಸಾಲಪತ್ರವನ್ನು ಸಾಲಗಾರನ ಮುಂದೆ ಹಿಡಿಯುವ ಹಾಗೆ ಹಿಡಿದರು. ಅವರನ್ನು ಬರೀ ಬೇಡುವವರೆಂದು ಹಗುರ ಮಾಡುವುದು ತಪ್ಪು.

ಮತ್ತೆ 1897ಕ್ಕೆ ಬರೋಣ. ರ್‍ಯಾಂಡ್ ಜುಲೈ 3ರಂದು ಸತ್ತ. ಆ ತಿಂಗಳೇ ತಿಲಕರ ಬಂಧನವಾಯಿತು. ಕೊಲೆಗಲ್ಲ, ಪತ್ರಿಕೆಯಲ್ಲಿ ಬರೆದದ್ದಕ್ಕೆ, ರಾಜದ್ರೋಹದ ಕಲಂ 124ಎ. ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಕೊಟ್ಟ ವಿವರಣೆ ಏನೆಂದರೆ, ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ಅಪ್ರೀತಿ, ಅದೇ ಅಪರಾಧ. ಆರು ಯುರೋಪಿಯನ್ ಜ್ಯೂರಿಗಳು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಸಜೆಯಾಯಿತು. ಡಿಲ್ಕ್ ಕೂಡ ಪ್ರಜೆಯೇ, ತಿಲಕರೂ ಪ್ರಜೆಯೇ. ಉಳಿದ ಪ್ರಜೆಗಳಿಗೆ ಯಾವ ಕರ್ತವ್ಯದಿಂದ ಬದ್ಧಳೋ ಅದೇ ಕರ್ತವ್ಯದಿಂದ ಭಾರತದವರಿಗೂ ಬದ್ಧಳು ಎಂದು 1858ರಲ್ಲಿ ಬರೆದದ್ದು ಇದೇ ರಾಣಿಯ ಹೆಸರಿನಲ್ಲಿ.

ಘೋಷಣೆಗೆ ಐವತ್ತು ವರ್ಷ ತುಂಬಿದಾಗ, 1908ರ ನವೆಂಬರ್ 2ರಂದು ಏಳನೇ ಎಡ್ವರ್ಡ್ ಇನ್ನೊಂದು ಘೋಷಣಾಪತ್ರ ಹೊರಡಿಸಿ ತಾಯಿಯ ಮಾತನ್ನು ನೆನಪಿಸಿದ, ಅದು ನೆರವೇರುತ್ತಾ ಬಂದಿದೆಯೆಂದ. ಅದನ್ನು ಓದುವ ಹೊತ್ತಿಗೆ ತಿಲಕರು ಅದೇ ಕಲಮಿನಡಿ ಎರಡನೇ ಸಲ ಶಿಕ್ಷೆಯಾಗಿ ಮಂಡಾಲೆಯ ಸೆರೆಯಲ್ಲಿದ್ದರು. ಮಂಡಾಲೆ ಇರುವುದು ಬರ್ಮಾದಲ್ಲಿ. ರಾಜ್ಯವನ್ನು ಹಿಗ್ಗಿಸುವ ಆಸೆ ನಮಗಿಲ್ಲ ಎಂದ ಇಪ್ಪತ್ತೇಳು ವರ್ಷಕ್ಕೆ, 1886ರ ಜನವರಿ 1ರಂದು, ಆ ಊರು ರಾಣಿಯ ರಾಜ್ಯಕ್ಕೆ ಸೇರಿತ್ತು.